‘ಲೆವೆಲ್’ ಹಾಕಿದರೆ ‘ಹೋಟೆಲ್’ ಸಿಗುವುದಿಲ್ಲ: ಪದ ಹುಡುಕುವ ಆ್ಯಪ್, ಎರಡು ವರ್ಷದ ಬಳಕೆಯ ನಂತರ

ವರ್ಡಲ್ ಎಂದರೆ ಅಡಗಿಸಿಟ್ಟ ಐದಕ್ಷರದ ಇಂಗ್ಲಿಷ್ ಪದವನ್ನು ಆರು ಊಹೆಯೊಳಗೆ ಹಿಡಿಯುವ ಆಟ: ಅಕ್ಷರ ಸರಿಯಾದ ಜಾಗದಲ್ಲಿದ್ದರೆ ಹಸಿರು, ಪದದಲ್ಲಿದ್ದೂ ಜಾಗ ಬೇರೆಯಾದರೆ ಹಳದಿ, ಇಲ್ಲದಿದ್ದರೆ ಬೂದು. ಅದರಲ್ಲಿ ‘ಲೆವೆಲ್’ ಎಂದು ಊಹಿಸಿದ್ದೀರಿ ಎಂದಿಟ್ಟುಕೊಳ್ಳಿ. ಎಲ್-ಇ-ವಿ-ಇ-ಎಲ್. ಕೊನೆಯ ಎರಡು ಮನೆ ಹಸಿರಾದವು, ಮೊದಲ ಮೂರು ಬೂದು. ಅದೇ ಬಣ್ಣಗಳನ್ನು ಈ ಆ್ಯಪ್‌ನಲ್ಲಿ ತುಂಬಿ ‘ಹುಡುಕು’ ಒತ್ತಿದರೆ ಪರದೆಯ ಮೇಲೆ ಬರುವುದು ‘0 ಪದಗಳು’. ಮುಂಬೈ ಕಡೆ ಮಾಟುಂಗದಿಂದ ಡೊಂಬಿವಲಿವರೆಗೆ ಬೀದಿಬೀದಿಯಲ್ಲಿ ಉಡುಪಿಯವರು ಬೋರ್ಡು ಹಾಕಿಕೊಂಡಿರುವ ‘ಹೋಟೆಲ್’ ಅದರ ಕಣ್ಣಿಗೆ ಬೀಳುವುದಿಲ್ಲ. ಮೋಟೆಲ್, ಮಾಡೆಲ್, ಪ್ಯಾನೆಲ್, ಕ್ಯಾಮೆಲ್, ಟವೆಲ್, ಏಂಜೆಲ್, ಪಿಕ್ಸೆಲ್ ಯಾವುದೂ ಇಲ್ಲ. ಇವೆಲ್ಲ ಸರಿಯಾದ ಐದಕ್ಷರದ ಪದಗಳು, ಆ ಬಣ್ಣಗಳಿಗೆ ಪೂರ್ತಿ ಹೊಂದುವಂಥವು. ದುಡ್ಡು ಕೊಟ್ಟು ಇಟ್ಟುಕೊಂಡ ಆ್ಯಪ್ ಇಂಥದ್ದನ್ನು ‘ಇಲ್ಲ’ ಅಂದರೆ ಬೇಸರವಾಗುತ್ತದೆ. ವಿಮರ್ಶೆ ಬರೆಯಲು ಮುಖ್ಯ ಕಾರಣ ಇದೇ.

ಆದರೂ ಎರಡು ವರ್ಷದಿಂದ ಫೋನಿನಿಂದ ತೆಗೆದಿಲ್ಲ. ಅದಕ್ಕೂ ಕಾರಣವಿದೆ, ಅದನ್ನೂ ಹೇಳುತ್ತೇನೆ.

ಆ್ಯಪ್ ಏನು ಮಾಡುತ್ತದೆ ಎನ್ನುವುದು ಡೌನ್‌ಲೋಡ್ ಪುಟದಲ್ಲೇ ಇದೆ: ಎಷ್ಟು ಅಕ್ಷರದ ಪದ ಬೇಕು, ಯಾವ ಅಕ್ಷರ ಇರಬೇಕು, ಯಾವುದು ಇರಬಾರದು, ಯಾವುದು ಎಲ್ಲಿರಬೇಕು ಎಂದು ಹೇಳಿದರೆ ಪಟ್ಟಿ ಕೊಡುತ್ತದೆ. ಅಲ್ಲಿ ಬರೆಯದೆ ಬಿಟ್ಟಿರುವುದು ಅದರ ಕೀಬೋರ್ಡಿನ ಸೊಗಸು. ಒಂದು ಅಕ್ಷರವನ್ನು ಒಮ್ಮೆ ಮುಟ್ಟಿದರೆ ಹಳದಿ: ಪದದಲ್ಲಿ ಎಲ್ಲೋ ಇರಲೇಬೇಕು. ಎರಡನೇ ಸಲ ಮುಟ್ಟಿದರೆ ಬೂದು: ಬೇಡ. ಮೂರನೇ ಸಲ ಮುಟ್ಟಿದರೆ ಮತ್ತೆ ಖಾಲಿ. ಜಾಗ ಗೊತ್ತಿರುವ ಅಕ್ಷರ ಇದ್ದರೆ ಮೇಲಿನ ಐದು ಮನೆಗಳಲ್ಲಿ ಸರಿಯಾದದ್ದನ್ನು ಒತ್ತಿ ತುಂಬಬೇಕು. ಅಷ್ಟೇ. ಬೇರೆ ಬೇರೆ ಪೆಟ್ಟಿಗೆಗೆ ಹೋಗಿ ಟೈಪ್ ಮಾಡುವ ಕೆಲಸವಿಲ್ಲ.

ಲೋಕಲ್ ಗಾಡಿಯಲ್ಲಿ ಓಡಾಡುವವರಿಗೆ ಇದರ ಬೆಲೆ ಗೊತ್ತು. ಬೆಳಗಿನ ಡೊಂಬಿವಲಿ ಗಾಡಿಯಲ್ಲಿ ಒಂದು ಕೈ ಹಿಡಿಕೆಗೆ ಮೀಸಲು. ಅದೃಷ್ಟವಿದ್ದರೆ ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವರಾಗಿ ಅರ್ಧ ಕೂರಬಹುದು, ಆಗಲೂ ಇನ್ನೊಂದು ಕೈಯಲ್ಲಿ ಚೀಲ ಇರುತ್ತದೆ. ಉಳಿದದ್ದು ಒಂದು ಹೆಬ್ಬೆರಳು. ಬೇರೆ ಪದಶೋಧಕಗಳಲ್ಲಿ ‘ಇರಬೇಕು’ ಪೆಟ್ಟಿಗೆ, ‘ಬೇಡ’ ಪೆಟ್ಟಿಗೆ, ‘ಆರಂಭ’ ಪೆಟ್ಟಿಗೆ, ‘ಕೊನೆ’ ಪೆಟ್ಟಿಗೆ ಒಂದರ ಕೆಳಗೊಂದು ಇರುತ್ತವೆ. ಒಂದನ್ನು ಮುಟ್ಟಿದಾಗ ಫೋನಿನ ಕೀಬೋರ್ಡ್ ಎದ್ದು ಉಳಿದ ಮೂರನ್ನು ಮುಚ್ಚುತ್ತದೆ. ಇಲ್ಲಿ ಎಲ್ಲವೂ ಹೆಬ್ಬೆರಳು ತಲುಪುವಷ್ಟು ಕೆಳಗೆ, ಒಂದೇ ಕಡೆ ಇದೆ. ಠಾಣೆ ದಾಟುವಷ್ಟರಲ್ಲಿ ಐದಾರು ಹುಡುಕಾಟ ಆರಾಮಾಗಿ ಆಗುತ್ತದೆ.

ಆಫ್‌ಲೈನ್ ಆಗಿರುವುದು ಇನ್ನೊಂದು ನೆಮ್ಮದಿ. ತುಂಬಿದ ಡಬ್ಬಾದಲ್ಲಿ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿರುತ್ತದೆ. ಆ್ಯಪ್ ಬಳಸುವುದು ಕಾಲಿನ್ಸ್ ಪಟ್ಟಿಯನ್ನು, ಅಂದರೆ ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟದಲ್ಲಿ ಒಪ್ಪುವ ಪದಗಳ ಪಟ್ಟಿ; ಅದರ 2019ರ ಆವೃತ್ತಿಯಲ್ಲಿ 2,79,496 ಪದಗಳಿವೆ. ಸಾದಾ ಅಕ್ಷರಗಳಾಗಿ ಇಟ್ಟರೂ ಅದು ಒಂದು ಫೋಟೊದಷ್ಟು ಜಾಗ ತಿನ್ನುತ್ತದೆ, ಹೆಚ್ಚಿಲ್ಲ. ಇಷ್ಟಕ್ಕೆ ಸರ್ವರ್ ಕೇಳುವ ಆ್ಯಪ್‌ಗಳು ಯಾಕೆ ಇವೆ ಎನ್ನುವುದು ಅರ್ಥವಾಗದ ಸಂಗತಿ. ಇದು ಮೊದಲ ದಿನ ಒಮ್ಮೆ ಪಟ್ಟಿ ಇಳಿಸಿಕೊಂಡಿತು, ಆಮೇಲೆ ಕೇಳಲಿಲ್ಲ.

ಈಗ ತಪ್ಪಿನ ಮಾತು. ಮೊದಲು ವರ್ಡಲ್‌ನ ನಿಯಮ ಸರಿಯಾಗಿ ಗೊತ್ತಿರಬೇಕು, ಬಹಳ ಜನ ಇಲ್ಲೇ ಎಡವುತ್ತಾರೆ. ಆಟ ಮೊದಲು ಹಸಿರುಗಳನ್ನು ಕೊಡುತ್ತದೆ. ಆಮೇಲೆ ಎಡದಿಂದ ಬಲಕ್ಕೆ, ಉತ್ತರದಲ್ಲಿ ಆ ಅಕ್ಷರ ಇನ್ನೂ ಎಷ್ಟು ಉಳಿದಿದೆಯೋ ಅಷ್ಟಕ್ಕೆ ಮಾತ್ರ ಹಳದಿ ಕೊಡುತ್ತದೆ. ಮಿಕ್ಕದ್ದು ಬೂದು. ಹಾಗಾಗಿ ಊಹೆಯಲ್ಲಿ ಒಂದೇ ಅಕ್ಷರ ಎರಡು ಸಲ ಬಂದು ಒಂದು ಹಸಿರು, ಒಂದು ಬೂದು ಆದರೆ ಆ ಬೂದಿನ ಅರ್ಥ ‘ಈ ಅಕ್ಷರ ಇಲ್ಲ’ ಎಂದಲ್ಲ. ‘ಇನ್ನೊಂದು ಇಲ್ಲ’ ಎಂದು. ‘ಲೆವೆಲ್’ ಉದಾಹರಣೆಯಲ್ಲಿ ಉತ್ತರಕ್ಕೆ ಒಂದೇ ಇ, ಒಂದೇ ಎಲ್, ವಿ ಇಲ್ಲವೇ ಇಲ್ಲ. ‘ಹೋಟೆಲ್’ ಇದಕ್ಕೆ ಅಚ್ಚುಕಟ್ಟಾಗಿ ಹೊಂದುತ್ತದೆ. ಕನ್ನಡದಲ್ಲಿ ಬರೆದಾಗ ಅದು ಮೂರೇ ಅಕ್ಷರ. ಇಂಗ್ಲಿಷಿನಲ್ಲಿ ಎಚ್-ಓ-ಟಿ-ಇ-ಎಲ್, ಐದು. ಕಿವಿಗೆ ಕೇಳಿದ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಕಾಗುಣಿತದ ಲೆಕ್ಕವೇ ಲೆಕ್ಕ. ಆ ಲೆಕ್ಕ ಇಡುವುದಕ್ಕೇ ಈ ಆ್ಯಪ್ ಇರುವುದು, ಅದೇ ಲೆಕ್ಕ ತಪ್ಪುತ್ತದೆ.

ಕಾರಣ ಆ ಚೆಂದದ ಕೀಬೋರ್ಡೇ. ಅದರಲ್ಲಿ ಪ್ರತಿ ಅಕ್ಷರಕ್ಕೂ ಒಂದೇ ಕೀಲಿ, ಒಂದು ಕೀಲಿಗೆ ಒಂದೇ ಬಣ್ಣ. ‘ಬಣ್ಣದ ಸಾಲು’ ತೆರೆದು ಊಹೆಯನ್ನು ತುಂಬಿದಾಗ ಅದು ಸಾಲಿನ ಬಣ್ಣಗಳನ್ನು ಕೀಬೋರ್ಡಿಗೆ ಇಳಿಸುತ್ತದೆ. ಒಂದೇ ಅಕ್ಷರಕ್ಕೆ ಎರಡು ಬಣ್ಣ ಬಂದರೆ ಬೂದು ಗೆಲ್ಲುತ್ತದೆ. ನಾಲ್ಕನೇ ಮನೆಯಲ್ಲಿ ಇ ಹಸಿರಾಗಿ ಕೂತಿದ್ದರೂ ಕೀಬೋರ್ಡಿನಲ್ಲಿ ಇ ಬೂದಾಗಿರುತ್ತದೆ. ಇ ಇರಬೇಕು, ಇ ಇರಬಾರದು ಎರಡನ್ನೂ ಪೂರೈಸುವ ಪದ ಎಲ್ಲಿಂದ ಬರಬೇಕು? ಪದಗಳನ್ನು ಸೋಸುವ ಇಂಥ ತಂತ್ರಾಂಶಗಳಲ್ಲಿ 26 ಅಕ್ಷರಗಳಿಗೆ 26 ಬಿಟ್ ಇಟ್ಟು, ಇದೆ ಅಥವಾ ಇಲ್ಲ ಎಂದು ಗುರುತು ಹಾಕುವುದು ಹಳೆಯ ಉಪಾಯ. 32 ಬಿಟ್‌ನ ಒಂದು ಅಂಕೆಯೊಳಗೆ ಇಡೀ ಪದ ಹಿಡಿಯುತ್ತದೆ, ಬಹಳ ವೇಗ. ಆದರೆ ಬಿಟ್‌ಗೆ ಎಣಿಕೆ ಬರುವುದಿಲ್ಲ. ಒಂದು ಇ ಇದ್ದರೂ ಮೂರು ಇದ್ದರೂ ಗುರುತು ಒಂದೇ. ಎಣಿಸಬೇಕಾದರೆ ಪ್ರತಿ ಅಕ್ಷರಕ್ಕೂ ಬೇರೆ ಲೆಕ್ಕ ಇಡಬೇಕು. ದೊಡ್ಡ ಕೆಲಸವೇನಲ್ಲ, ಮಾಡಬೇಕಷ್ಟೆ.

ಹಳದಿ ಮತ್ತು ಬೂದು ಒಟ್ಟಿಗೆ ಬಂದಾಗಲೂ ಇದೇ ಗೋಳು. ಉತ್ತರ ‘ಬ್ರೆಡ್’, ಊಹೆ ‘ಇರೇಸ್’, ಅಂದರೆ ಇ-ಆರ್-ಎ-ಎಸ್-ಇ. ಆರ್ ಹಸಿರು, ಎ ಹಳದಿ, ಎಸ್ ಬೂದು. ಮೊದಲ ಇ ಹಳದಿ, ಕೊನೆಯ ಇ ಬೂದು. ಆ್ಯಪ್ ಮತ್ತೆ ಸೊನ್ನೆ ತೋರಿಸುತ್ತದೆ. ಊಹೆಯಲ್ಲಿ ಯಾವ ಅಕ್ಷರವೂ ಎರಡು ಸಲ ಬರದಿದ್ದರೆ ಮಾತ್ರ ತೊಂದರೆ ಇಲ್ಲ. ಹಾಗಾಗಿ ಮೊದಲ ತಿಂಗಳು ಯಾರಿಗೂ ಇದು ಗೊತ್ತಾಗುವುದಿಲ್ಲ. ಎರಡನೇ ತಿಂಗಳಲ್ಲಿ ಗೊತ್ತಾಗುವ ಹೊತ್ತಿಗೆ ಚಂದಾ ಕಟ್ಟಿ ಆಗಿರುತ್ತದೆ.

ದೂರು ಬರೆದರೆ ‘ನಿಮ್ಮ ಸಲಹೆಯನ್ನು ತಂಡಕ್ಕೆ ತಿಳಿಸಿದ್ದೇವೆ’ ಎಂಬ ಸಿದ್ಧ ಉತ್ತರ ಬರುತ್ತದೆ. ಎರಡು ವರ್ಷದಲ್ಲಿ ಪರದೆಯ ಬಣ್ಣ ಎರಡು ಸಲ ಬದಲಾಯಿತು, ಐಕಾನ್ ದುಂಡಗಾಯಿತು, ಇದೊಂದು ಸರಿಯಾಗಲಿಲ್ಲ. ಪದಗಳನ್ನೇ ನಂಬಿ ಬದುಕುವ ಆ್ಯಪ್ ತಯಾರಿಸುವವರಿಗೆ ಇದಕ್ಕಿಂತ ಮುಖ್ಯವಾದ ಕೆಲಸ ಏನಿರಬಹುದು?

ಸದ್ಯಕ್ಕೆ ದಾರಿ ಹೀಗಿದೆ. ಊಹೆಯಲ್ಲಿ ಅಕ್ಷರ ಮರುಕಳಿಸಿದ್ದರೆ ಬಣ್ಣದ ಸಾಲನ್ನು ತೆರೆಯಲೇಬೇಡಿ. ಮೇಲಿನ ಐದು ಮನೆಗಳಲ್ಲಿ ನಾಲ್ಕನೆಯದಕ್ಕೆ ಇ, ಐದನೆಯದಕ್ಕೆ ಎಲ್ ನೇರವಾಗಿ ತುಂಬಿ. ಕೀಬೋರ್ಡಿನಲ್ಲಿ ವಿ ಒಂದನ್ನೇ ಬೂದು ಮಾಡಿ. ಇಲ್ಲಿಗೆ ನಿಲ್ಲಿಸಿ ಹುಡುಕಿದರೆ ‘ಹೋಟೆಲ್’ ಬರುತ್ತದೆ, ಆದರೆ ಅದರ ಜೊತೆ ‘ಸ್ಟೀಲ್’, ‘ವೀಲ್’, ‘ಜ್ಯೂಯೆಲ್’, ‘ರೆಬೆಲ್’, ‘ಲೇಬಲ್’ ಕೂಡ ಬರುತ್ತವೆ. ಇವುಗಳಲ್ಲಿ ಇ ಅಥವಾ ಎಲ್ ಎರಡೆರಡಿವೆ, ಉತ್ತರವಾಗುವ ಸಾಧ್ಯತೆ ಇಲ್ಲ. ಗಮನಿಸದೆ ಹಾಕಿದರೆ ಒಂದು ಊಹೆ ದಂಡ. ಆದ್ದರಿಂದ ಮೇಲಿನ ಮೂರು ಚುಕ್ಕಿ ಒತ್ತಿ ‘ಅಕ್ಷರ ಮಿತಿ’ಗೆ ಹೋಗಿ ಇ ಎದುರು 1, ಎಲ್ ಎದುರು 1 ಹಾಕಬೇಕು. ಈಗ ಪಟ್ಟಿ ಸರಿಯಾಗಿ ಬರುತ್ತದೆ. ‘ಇರೇಸ್’ನಂಥದ್ದಕ್ಕೆ ಇನ್ನೊಂದು ಹೆಜ್ಜೆ ಬೇಕು: ಮೊದಲ ಮನೆಯನ್ನು ಒತ್ತಿ ಹಿಡಿದರೆ ‘ಈ ಮನೆಯಲ್ಲಿ ಬೇಡ’ ಎಂದು ಬರುತ್ತದೆ, ಅಲ್ಲಿ ಇ ಹಾಕಿ, ಐದನೇ ಮನೆಗೂ ಇ ಬೇಡ, ಮೂರನೆಯದಕ್ಕೆ ಎ ಬೇಡ. ಎರಡನೇ ಮನೆಗೆ ಆರ್ ತುಂಬಿ, ಕೀಬೋರ್ಡಿನಲ್ಲಿ ಇ, ಎ ಹಳದಿ, ಎಸ್ ಬೂದು. ಇ ಮಿತಿ 1. ಆಗ ಬ್ರೆಡ್, ಕ್ರೀಮ್, ಡ್ರೀಮ್, ಗ್ರೇಟ್, ಟ್ರೀಟ್ ಸಾಲಾಗಿ ನಿಲ್ಲುತ್ತವೆ.

ಅಂದರೆ ಎಣಿಸುವ ಶಕ್ತಿ ಆ್ಯಪ್‌ನೊಳಗೆ ಇದೆ. ಮೂರು ಚುಕ್ಕಿಯ ಹಿಂದೆ ಅಡಗಿಸಿಟ್ಟಿದ್ದಾರೆ, ಬಣ್ಣದ ಸಾಲಿಗೆ ಜೋಡಿಸಿಲ್ಲ ಅಷ್ಟೇ. ಹೆಬ್ಬೆರಳೊಂದರಲ್ಲಿ ಆಗುತ್ತಿದ್ದ ಕೆಲಸಕ್ಕೆ ಈಗ ಹತ್ತು ಹನ್ನೆರಡು ಸಲ ಮುಟ್ಟಬೇಕು. ದಾದರ್‌ನಲ್ಲಿ ಜನ ನುಗ್ಗುವ ಹೊತ್ತಿನಲ್ಲಿ ಅದು ಆಗದ ಮಾತು.

ಪಟ್ಟಿಯ ಆಯ್ಕೆ ಬಗ್ಗೆಯೂ ಒಂದು ಮಾತು. ಇನ್‌ಸ್ಟಾಲ್ ಮಾಡಿದಾಗ ಕಾಲಿನ್ಸ್ ಪಟ್ಟಿ ಹಾಕಿರುತ್ತದೆ. ಅದು ಸ್ಕ್ರ್ಯಾಬಲ್‌ಗೆ ಸರಿ, ವರ್ಡಲ್‌ಗೆ ಅಲ್ಲ. ಜಾಶ್ ವಾರ್ಡಲ್ 2021ರಲ್ಲಿ ಆಟವನ್ನು ಎಲ್ಲರಿಗೂ ತೆರೆದಿಟ್ಟಾಗ ಉತ್ತರಗಳ ಪಟ್ಟಿಯಲ್ಲಿ ಸುಮಾರು 2,300 ಪದಗಳಷ್ಟೇ ಇದ್ದವು; ಊಹೆಯಾಗಿ ಒಪ್ಪುತ್ತಿದ್ದ ಪದಗಳು ಅದರ ಐದು ಪಟ್ಟಿಗೂ ಹೆಚ್ಚು. 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಆಟವನ್ನು ಕೊಂಡ ಮೇಲೂ ಸುಮ್ಮನೆ ಎಸ್ ಹಚ್ಚಿದ ಬಹುವಚನಗಳು ಉತ್ತರವಾಗಿ ಬರುವುದಿಲ್ಲ. ಪೂರ್ತಿ ಪಟ್ಟಿಯಲ್ಲಿ ಎಸ್ ಮತ್ತು ಇ ಹೆಚ್ಚುಕಡಿಮೆ ಸರಿಸಮ. ಉತ್ತರಗಳ ಪಟ್ಟಿಗೆ ಬಂದರೆ ಇ ಮೇಲೇ ಉಳಿಯುತ್ತದೆ, ಎಸ್ ಮಾತ್ರ ಎ, ಆರ್, ಓ, ಟಿ, ಎಲ್‌ಗಳ ಹಿಂದೆ ಬೀಳುತ್ತದೆ. ಆ್ಯಪ್ ‘ಉತ್ತಮ ಊಹೆ’ ಎಂದು ಮೇಲಕ್ಕೆ ತರುವುದು ಪೂರ್ತಿ ಪಟ್ಟಿಯ ಲೆಕ್ಕದಲ್ಲಿ. ಹಾಗಾಗಿ ಬಹುವಚನಗಳೇ ಮೇಲೆ ಬಂದು ಕೂರುತ್ತವೆ. ವರ್ಡಲ್ ಆಡುವವರು ಸೆಟ್ಟಿಂಗ್‌ನಲ್ಲಿ ‘ಸಾಮಾನ್ಯ ಪದಗಳು’ ಆರಿಸಿ, ‘ಬಹುವಚನ ಅಡಗಿಸು’ ಒತ್ತಿಬಿಡಿ.

ವರ್ಡಲ್‌ನ ಕಾಗುಣಿತ ಅಮೆರಿಕದ್ದು ಎನ್ನುವುದನ್ನೂ ಮರೆಯಬಾರದು. ನಮ್ಮ ಶಾಲೆಗಳಲ್ಲಿ ‘ಹ್ಯೂಮರ್’ಗೆ ಯು ಹಾಕಿ ಆರು ಅಕ್ಷರ ಕಲಿಸುತ್ತಾರೆ; ಅಲ್ಲಿ ಓ-ಆರ್ ಅಷ್ಟೇ, ಐದು. ‘ಫೇವರ್’, ‘ವೇಪರ್’, ‘ಕಲರ್’ ಹಾಗೆಯೇ. ‘ಫೈಬರ್’ ಎರಡೂ ಕಡೆ ಐದೇ, ಆದರೆ ಕೊನೆಯ ಎರಡಕ್ಷರ ಅದಲುಬದಲು. ಐದಕ್ಷರದ ಪದ ಹುಡುಕುವಾಗ ಇಂಥವು ತಲೆಗೇ ಬರುವುದಿಲ್ಲ, ಆ್ಯಪ್ ನೆನಪಿಸುತ್ತದೆ.

ವರ್ಡಲ್‌ಗೆ ನಿಜವಾಗಿ ಕೆಲಸಕ್ಕೆ ಬರುವುದು ‘ಸೋಸುವ ಪದ’ ಎಂಬ ಗುಂಡಿ. ಐ-ಜಿ-ಎಚ್-ಟಿ ಹಸಿರಾಗಿ ಮೊದಲ ಮನೆ ಮಾತ್ರ ಖಾಲಿ ಉಳಿದಾಗ ಸಾಮಾನ್ಯ ಪದಗಳೇ ಎಂಟಿವೆ: ಏಟ್, ಫೈಟ್, ಲೈಟ್, ಮೈಟ್, ನೈಟ್, ರೈಟ್, ಸೈಟ್, ಟೈಟ್. ಒಂದೊಂದಾಗಿ ಹಾಕುತ್ತ ಹೋದರೆ ಆರು ಊಹೆ ಸಾಲುವುದಿಲ್ಲ. ಈ ಗುಂಡಿ ‘ಫಿಲ್ಮ್ಸ್’ ಎಂದು ಸೂಚಿಸುತ್ತದೆ. ಅದರಲ್ಲಿ ಎಫ್, ಎಲ್, ಎಂ, ಎಸ್ ನಾಲ್ಕೂ ಇವೆ. ಈ ನಾಲ್ಕರಲ್ಲಿ ಯಾವುದು ಬೂದಾಗಲಿಲ್ಲವೋ (ಎಫ್ ಆದರೆ ಹಸಿರು, ಉಳಿದವು ಹಳದಿ) ಅದೇ ಉತ್ತರದ ಮೊದಲಕ್ಷರ. ನಾಲ್ಕೂ ಬೂದಾದರೆ ಮುಂದೆ ‘ರಿನ್ಸ್’, ಆರ್-ಐ-ಎನ್-ಎಸ್-ಇ. ಆರ್ ಹಸಿರಾದರೆ ರೈಟ್, ಎನ್ ಹಳದಿಯಾದರೆ ನೈಟ್, ಇ ಹಳದಿಯಾದರೆ ಏಟ್, ಮೂರೂ ಇಲ್ಲವಾದರೆ ಟೈಟ್. ಅಲ್ಲಿಂದ ಮೂರನೇ ಊಹೆಗೆ ಆಟ ಮುಗಿಯಿತು. ಹಾರ್ಡ್ ಮೋಡ್‌ನಲ್ಲಿ ಆಡುವವರಿಗೆ ಈ ಉಪಾಯ ಸಿಗದು, ಅಲ್ಲಿ ಹಸಿರಾದ ಅಕ್ಷರಗಳನ್ನು ಜಾಗ ಬಿಡಿಸುವಂತಿಲ್ಲ.

ಸಿಟ್ಟು ಇಳಿಯುವುದು ಸ್ಕ್ರ್ಯಾಬಲ್ ಕಡೆಗೆ ಬಂದಾಗ. ಅಲ್ಲಿ ಬಣ್ಣಗಳ ಗೊಡವೆ ಇಲ್ಲ. ಅಕ್ಷರಗಳನ್ನು ಅಲ್ಲಿ ಆ್ಯಪ್ ಸರಿಯಾಗಿಯೇ ಎಣಿಸುತ್ತದೆ: ಕೈಯಲ್ಲಿ ಎರಡು ಇ ಇದ್ದರೆ ಮೂರು ಇ ಇರುವ ಪದ ತೋರಿಸುವುದಿಲ್ಲ. ಹುಡುಕಾಟ ನಡೆಯುವ ಬಗೆಯೂ ಚೆಂದ. ಪ್ರತಿ ಪದದ ಅಕ್ಷರಗಳನ್ನು ಎ-ಬಿ-ಸಿ ಕ್ರಮದಲ್ಲಿ ಜೋಡಿಸಿದರೆ ಅದೇ ಅಕ್ಷರಗಳ ಎಲ್ಲ ಪದಗಳಿಗೂ ಒಂದೇ ಗುರುತು ಬರುತ್ತದೆ. ‘ರೆಟಿನಾ’ದ ಆರಕ್ಷರಕ್ಕೆ ಎಸ್ ಸೇರಿಸಿ ಹಾಕಿ: ರಿಟೇನ್ಸ್, ರೆಟಿನಾಸ್, ನ್ಯಾಸ್ಟಿಯರ್, ಆ್ಯಂಟ್ಸಿಯರ್, ಸ್ಟೇನರ್, ಸ್ಟಿಯರಿನ್ ಎಲ್ಲ ಒಟ್ಟಿಗೆ ಎದುರಿಗೆ. ಏಳೂ ಬಿಲ್ಲೆ ಒಂದೇ ಸಲಕ್ಕೆ ಇಳಿಸಿದರೆ 50 ಅಂಕ ಹೆಚ್ಚುವರಿ, ಆದ್ದರಿಂದ ಏಳಕ್ಷರದ ಪಟ್ಟಿಗಳನ್ನು ಹೀಗೆ ಗುಂಪುಗುಂಪಾಗಿ ಓದುವುದೇ ಅಭ್ಯಾಸದ ಸರಿಯಾದ ಕ್ರಮ. ಖಾಲಿ ಬಿಲ್ಲೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಬೇಕು. ಎರಡು ಖಾಲಿ ಬಿಲ್ಲೆ ಹಾಕಿದರೆ 351 ಜೋಡಿಗಳನ್ನು ಅದು ಪರೀಕ್ಷಿಸಬೇಕು, ಹಳೆಯ ಫೋನಿನಲ್ಲಿ ಒಂದೆರಡು ಸೆಕೆಂಡ್ ತಡವಾಗುತ್ತದೆ. ಕೆಟ್ಟಿತೆಂದು ಮತ್ತೆ ಮತ್ತೆ ಒತ್ತಬೇಡಿ.

ಎಲ್ಲಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು ಕ್ಯೂ. 100 ಬಿಲ್ಲೆಗಳಲ್ಲಿ ಕ್ಯೂ ಒಂದೇ, 10 ಅಂಕ. ಯು ಕೈಗೆ ಬರದಿದ್ದರೆ ಕೊನೆತನಕ ಕೊರಳಿಗೆ ಕಟ್ಟಿದ ಕಲ್ಲು. ಉದ್ದ 5, ಕ್ಯೂ ಹಳದಿ, ಯು ಬೂದು ಮಾಡಿ ಹುಡುಕಿ ನೋಡಿ. ಬರುವ ಪದಗಳು: ಫಕೀರ್, ನಿಕಾಬ್, ತಲಾಕ್, ಕಿಬ್ಲಾ, ಕೋರ್ಮಾ. ಇವನ್ನು ಕಲಿಯಲು ಇಂಗ್ಲಿಷ್ ನಿಘಂಟು ಬಿಡಿಸಬೇಕಿಲ್ಲ, ಮೊಹಮ್ಮದ್ ಅಲಿ ರಸ್ತೆಯಲ್ಲಿ ಒಂದು ಸಂಜೆ ನಡೆದರೆ ಸಾಕು. ಫಕೀರ್‌ನ ನಡುವೆ ಕ್ಯೂ ಇಟ್ಟು ಬರೆಯುವುದು, ಎಫ್-ಎ-ಕ್ಯೂ-ಐ-ಆರ್, ಬರೀ ಅಕ್ಷರಗಳಿಗೇ 17 ಅಂಕ. ಉದ್ದವನ್ನು 2ಕ್ಕೆ ಇಳಿಸಿದರೆ ‘ಕಿ’ ಒಂದೇ ಉಳಿಯುತ್ತದೆ, ಕ್ಯೂ-ಐ. ಮೂರುಪಟ್ಟು ಅಕ್ಷರದ ಮನೆಯಲ್ಲಿ ಕ್ಯೂ ಇಟ್ಟು ಅಡ್ಡಕ್ಕೂ ಉದ್ದಕ್ಕೂ ‘ಕಿ’ ಆಗುವಂತೆ ಮಾಡಿದರೆ 62 ಅಂಕ. ಎರಡಕ್ಷರದ ಪದಗಳು ಕಾಲಿನ್ಸ್‌ನ ಆ ಆವೃತ್ತಿಯಲ್ಲಿ ಒಟ್ಟು 127, ‘ಓಕೆ’ ಸೇರಿದ್ದೂ ಆಗಲೇ. ದಿನಕ್ಕೆ ಹತ್ತರಂತೆ ಓದಿದರೆ ಎರಡು ವಾರದೊಳಗೆ ಮುಗಿಯುತ್ತದೆ.

ಆರಕ್ಷರಕ್ಕೆ ಹೋಗಿ ಜಿ, ಎಚ್, ಓ ಹಳದಿ ಮಾಡಿದರೆ ಪಟ್ಟಿಯ ಮಧ್ಯೆ ‘ಘೇರಾವ್’ ಸಿಗುತ್ತದೆ. ಅದೇ ಉದ್ದದಲ್ಲಿ ‘ಹರತಾಳ’, ‘ಧರಣಿ’ ಕೂಡ ಇವೆ. ಹಿಂದಿಯ ‘ಧರ್ನಾ’ ಎನ್ನುವ ಉಚ್ಚಾರದಲ್ಲೇ, ಡಿ-ಎಚ್-ಎ-ಆರ್-ಎನ್-ಎ. ಪದದ ಪಕ್ಕದಲ್ಲಿ ಸಣ್ಣ ಬಾಣ ಒತ್ತಿದರೆ ಹಿಂದೆ ಮುಂದೆ ಯಾವ ಅಕ್ಷರ ಹಚ್ಚಬಹುದು ಎಂದು ತೋರಿಸುತ್ತದೆ. ‘ತಾಲೂಕ್’ ಮೇಲೆ ಒತ್ತಿದರೆ ಬಲಗಡೆ ಎಸ್ ಜೊತೆಗೆ ಎ ಬರುತ್ತದೆ. ಕರ್ನಾಟಕದ ತಾಲೂಕಿಗೆ ಒಂದು ಎ ಹಚ್ಚಿದರೆ ಮಹಾರಾಷ್ಟ್ರದ ತಾಲುಕಾ. ಎರಡೂ ಊರಿನ ಮಾತು ಆಡುವವರಿಗೆ ಈ ಹಚ್ಚುವಿಕೆ ಒಮ್ಮೆ ಕಂಡರೆ ಸಾಕು, ಮರೆಯುವುದಿಲ್ಲ. ‘ಪಾವ್’ ಕೂಡ ಇದೆ, ಆದರೆ ಅದು ವಡಾದ ಜೊತೆಗಾರ ಅಲ್ಲ, ಆಸ್ಟ್ರೇಲಿಯಾ ಕಡೆಯ ಪಾವ್ಲೋವಾ ಎಂಬ ಸಿಹಿಯ ಗಿಡ್ಡ ಹೆಸರು. ಬಿಲ್ಲೆ ಇಡುವುದಕ್ಕೆ ಯಾವುದಾದರೇನು.

ದುಡ್ಡಿನ ವಿಷಯ. ಉಚಿತ ಆವೃತ್ತಿಯಲ್ಲಿ ಮೂರು ಹುಡುಕಾಟಕ್ಕೆ ಒಂದು ಜಾಹೀರಾತು, ಅದೂ ಪರದೆ ತುಂಬ. ಮುಚ್ಚುವ ಗುರುತು ಎಡ ಮೂಲೆಯ ತುದಿಯಲ್ಲಿ, ಹೆಬ್ಬೆರಳಿಗೆ ಎಟುಕದ ಕಡೆ. ಗಾಡಿಯಲ್ಲಿ ಬಳಸುವವರು ಚಂದಾ ಕಟ್ಟಲೇಬೇಕಾಗುತ್ತದೆ. ವರ್ಷದ ಚಂದಾ ಸೆಕೆಂಡ್ ಕ್ಲಾಸಿನ ಒಂದು ತಿಂಗಳ ಪಾಸಿನ ಆಸುಪಾಸು. ಸ್ಕ್ರ್ಯಾಬಲ್‌ಗೆ ತಯಾರಿ ಮಾಡುವವರಿಗೆ ಇದು ಅಗ್ಗ, ಕಣ್ಣುಮುಚ್ಚಿ ಕಟ್ಟಬಹುದು. ವರ್ಡಲ್ ಒಂದಕ್ಕೇ ಬೇಕಾದವರು ಸದ್ಯ ಕಟ್ಟಬೇಡಿ. ಉಚಿತ ಆವೃತ್ತಿ ಇಳಿಸಿಕೊಂಡು, ಬಣ್ಣದ ಸಾಲಿನಲ್ಲಿ ‘ಲೆವೆಲ್’ ಬರೆದು, ಮೊದಲ ಮೂರು ಬೂದು, ಕೊನೆಯ ಎರಡು ಹಸಿರು ಮಾಡಿ ಹುಡುಕಿ. ‘ಹೋಟೆಲ್’ ಬಂದ ದಿನ ಚಂದಾ ಕಟ್ಟಿ.